ಆ ಏಳು ಕಿಲೋಮೀಟರು ಯಾರವು?

ಮುಂಡರಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಸೈಕಲ್ಲುಗಳು ಅಕ್ಕಪಕ್ಕ ನಿಂತಿವೆ. ಒಂದು ನನ್ನ ತಂದೆಯವರದು. ಕರಿಯ ಹರ್ಕ್ಯುಲಿಸ್, 28 ಇಂಚಿನ ಗಾಲಿ, ಸರಳಿನ ಬ್ರೇಕು, ಚೈನಿಗೆ ತಗಡಿನ ಕವರು, ಹಿಂದೆ ದಪ್ಪ ಕ್ಯಾರಿಯರು. ಪೋಸ್ಟ್‌ಮನ್ ಆಗಿದ್ದ ಅವರು ಅದನ್ನು ಹೊಡೆಯುತ್ತ ಡಂಬಳ, ಡೋಣಿ, ಪೇಠಾಲೂರಿನ ಕಡೆಗೆಲ್ಲ ಟಪಾಲು ಮುಟ್ಟಿಸಿದರು. ಇನ್ನೊಂದು ನನ್ನ ಮೊಮ್ಮಗಳದು. ಕಾರ್ಬನ್ ಫ್ರೇಮಿನ ರೋಡ್ ಬೈಕು. ಒಂದು ಕೈಯಲ್ಲಿ ಎತ್ತಿ ಕಟ್ಟೆಯ ಮೇಲೆ ಇಡಬಹುದು. ತಂದೆಯವರದು 20 ಕಿಲೋಗೂ ಹೆಚ್ಚು ತೂಗುತ್ತದೆ. ಅವಳದು 8 ಕಿಲೋ. ಒಂದಕ್ಕೆ ಒಂದೇ ಗೇರು, ಇನ್ನೊಂದಕ್ಕೆ ಮುಂದೆ ಎರಡು ಚಕ್ರ, ಹಿಂದೆ ಹನ್ನೊಂದು, ಕೂಡಿ 22. ಒಂದಕ್ಕೆ ಬೆಲ್ಲು, ದೀಪ, ಮಡ್‌ಗಾರ್ಡು, ಸ್ಟ್ಯಾಂಡು ಎಲ್ಲ ಇವೆ. ಇನ್ನೊಂದಕ್ಕೆ ಇವುಗಳಲ್ಲಿ ಯಾವುದೂ ಇಲ್ಲ. ಅದನ್ನು ಗೋಡೆಗೆ ಒರಗಿಸಬೇಕು.

ಹೋದ ವರ್ಷ ತಂದೆಯವರ ಸೈಕಲ್ಲಿನ ಹಿಂದಿನ ರಿಮ್ಮು ಬದಲಿಸಿಕೊಂಡು ಬಂದಾಗ ಮೊಮ್ಮಗಳು ಕೇಳಿದಳು: "ಅಜ್ಜಾ, ಇದರಾಗ ನಿಮ್ಮಪ್ಪಂದು ಅಂತ ಇನ್ನ ಏನ್ ಉಳದೈತಿ?"

ಲೆಕ್ಕ ಹಾಕಿದೆ. ಟೈರು, ಟ್ಯೂಬು ಎಷ್ಟು ಸಲ ಹೋದವೋ ತಿಳಿಯದು. ಚೈನು, ಫ್ರೀವ್ಹೀಲು, ಪೆಡಲ್ಲು, ಸೀಟು ಎಲ್ಲ ಹೊಸವು. ಮುಂದಿನ ಫೋರ್ಕು ಒಮ್ಮೆ ಮುರಿದು ಬದಲಾಗಿದೆ. ಫ್ರೇಮಿನ ಒಂದು ಕೊಳವೆ ಗ್ಯಾಸ್ ವೆಲ್ಡಿಂಗ್ ಕಂಡಿದೆ. ತಂದೆಯವರ ಕೈ ತಾಗಿದ್ದರಲ್ಲಿ ಉಳಿದದ್ದು ಫ್ರೇಮು, ಹ್ಯಾಂಡಲ್ಲು, ಕ್ಯಾರಿಯರು. ಆದರೂ ಊರಲ್ಲಿ ಹಳಬರು ಅದನ್ನು ಇವತ್ತಿಗೂ "ಟಪಾಲಿನವರ ಸೈಕಲ್" ಎಂದೇ ಕರೆಯುತ್ತಾರೆ.

ಅವಳ ಆ ಪ್ರಶ್ನೆ ಬಹಳ ಹಳೆಯದು, ಮತ್ತು ನಮ್ಮ ತಾಲೂಕಿಗೆ ಅದು ಹೊರಗಿನದೂ ಅಲ್ಲ. ಮುಂಡರಗಿಯಿಂದ ಗದಗಿಗೆ ಹೋಗುವ ದಾರಿಯಲ್ಲಿ ಸಿಗುವ ಡಂಬಳ ಒಂದು ಕಾಲಕ್ಕೆ ಧರ್ಮವೊಳಲು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ, 1095ರ ಅಲ್ಲಿನ ಶಾಸನ ಎರಡು ಬೌದ್ಧ ವಿಹಾರಗಳನ್ನು ಹೆಸರಿಸುತ್ತದೆ: ಊರಿನ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬುದ್ಧನ ವಿಹಾರ ಒಂದು, ಲಕ್ಕುಂಡಿಯ ಸೆಟ್ಟಿಯೊಬ್ಬ ಕಟ್ಟಿಸಿದ ಆರ್ಯ ತಾರಾದೇವಿಯ ವಿಹಾರ ಇನ್ನೊಂದು. ದೇಶದ ಬಹಳ ಕಡೆ ಬೌದ್ಧಧರ್ಮ ಸೊರಗುತ್ತಿದ್ದ ಹೊತ್ತಿನಲ್ಲಿ ನಮ್ಮ ಎರೆಹೊಲಗಳ ನಡುವೆ ಭಿಕ್ಷುಗಳಿದ್ದರು, ಅವರಿಗೆ ಅನ್ನ ಬಟ್ಟೆ ಕೊಡುವ ವ್ಯಾಪಾರಿಗಳಿದ್ದರು ಎಂಬುದು ನನಗೆ ಯಾವಾಗಲೂ ಹೆಮ್ಮೆಯ ಸಂಗತಿ.

ಬೌದ್ಧರ ಮಿಲಿಂದಪನ್ಹದಲ್ಲಿ ಮೊಮ್ಮಗಳ ಪ್ರಶ್ನೆಯೇ ಇದೆ. ಮಿಲಿಂದ ಗ್ರೀಕ್ ಮೂಲದ ದೊರೆ. ರಥದಲ್ಲಿ ಬಂದೆ ಎಂದ ಅವನನ್ನು ಭಿಕ್ಷು ನಾಗಸೇನ ಕೇಳುತ್ತಾನೆ: ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಒಂದೊಂದಕ್ಕೂ ದೊರೆ ಅಲ್ಲವೆನ್ನುತ್ತಾನೆ. ಇವೆಲ್ಲವನ್ನೂ ಬಿಟ್ಟು ಬೇರೆ ರಥವಿದೆಯೇ ಎಂದರೆ ಅದೂ ಇಲ್ಲ. ಹಾಗಾದರೆ ರಥವೆಂಬುದು ಈ ಭಾಗಗಳು ಕೂಡಿದಾಗ ನಾವು ಇಡುವ ಹೆಸರು. ಮನುಷ್ಯನೂ ಹಾಗೆಯೇ ಎಂಬುದು ನಾಗಸೇನನ ನಿಲುವು. ಕಠೋಪನಿಷತ್ತಿನಲ್ಲಿ ಯಮ ನಚಿಕೇತನಿಗೆ ಹೇಳುವ ರಥ ಬೇರೆ. ಅಲ್ಲಿ ಶರೀರ ರಥ, ಇಂದ್ರಿಯಗಳು ಕುದುರೆ, ಮನಸ್ಸು ಹಗ್ಗ, ಬುದ್ಧಿ ಸಾರಥಿ. ಇವೆಲ್ಲಕ್ಕೂ ಒಡೆಯನಾಗಿ ಒಳಗೆ ಕುಳಿತವನು ಆತ್ಮ. ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದಳು. ಅವಳ ಮತದವರಾದ ಜೈನರು ಮೂರನೆಯ ದಾರಿ ಹಿಡಿದವರು. ಹುಟ್ಟುವುದು, ಅಳಿಯುವುದು, ಉಳಿಯುವುದು ಮೂರೂ ಒಂದೇ ವಸ್ತುವಿನಲ್ಲಿ ಒಟ್ಟಿಗೇ ನಡೆಯುತ್ತವೆ ಎಂದರು. ಬಂಗಾರದ ಕೊಡ ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಾದವನಿಗೆ ದುಃಖ, ಕಿರೀಟ ಬೇಕಾದವನಿಗೆ ಸುಖ, ಬಂಗಾರ ಬೇಕಾದವನಿಗೆ ಎರಡೂ ಇಲ್ಲ ಎಂದು ಸಮಂತಭದ್ರ ಆಪ್ತಮೀಮಾಂಸೆಯಲ್ಲಿ ತೋರಿಸಿದ.

ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಮೂರು ಉತ್ತರಗಳಿದ್ದರೆ ಮೂರನ್ನೂ ಒಂದೇ ಉದಾಹರಣೆಯಲ್ಲಿಟ್ಟು ನೋಡುವುದು ರೂಢಿ. ತಂದೆಯವರ ಸೈಕಲ್ಲಿನ ವಿಷಯದಲ್ಲಿ ನಾಗಸೇನನ ಮಾತು ಬಹುತೇಕ ನಿಲ್ಲುತ್ತದೆ. ಹೊಸ ರೋಡ್ ಬೈಕಿನ ವಿಷಯದಲ್ಲಿ ಸಮಂತಭದ್ರನ ಮಾತು ಸರಿಹೊಂದುತ್ತದೆ: 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಮಾಡಿದ ರೋವರ್ ಸೈಕಲ್ಲಿಗೂ ಬಹುತೇಕ ಸಮನಾದ ಎರಡು ಗಾಲಿ, ಹಿಂದಿನ ಗಾಲಿಗೆ ಚೈನು, ಇವತ್ತಿನದಕ್ಕೂ ಅದೇ. ರೂಪಗಳು ಹುಟ್ಟಿ ಅಳಿದಿವೆ, ಆ ಒಂದು ವಿಚಾರ ಉಳಿದಿದೆ. ಯಮನ ರಥ ಮಾತ್ರ ಸೈಕಲ್ಲಿಗೆ ಹೊಂದುವುದಿಲ್ಲ. ಸೈಕಲ್ಲಿನಲ್ಲಿ ಎಳೆಯುವವನು ಬೇರೆ, ಕೂತವನು ಬೇರೆ ಅಲ್ಲ. ಕುದುರೆಯೂ ಅವನೇ, ಸಾರಥಿಯೂ ಅವನೇ, ಒಡೆಯನೂ ಅವನೇ. ಆದ್ದರಿಂದಲೇ ಸೈಕಲ್ಲಿನ ಮುಂದೆ ನಿಂತಾಗ ಏನು ಉಳಿಯಿತು ಎಂಬುದಕ್ಕಿಂತ ಇನ್ನೊಂದು ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ. ದುಡಿದವರು ಯಾರು?

ಆ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟವಳೂ ಮೊಮ್ಮಗಳೇ. ಒಂದು ಸ್ಪರ್ಧೆಯಲ್ಲಿ ಎರಡನೆಯವಳಾಗಿ ಬಂದಳು. ಗೆದ್ದ ಹುಡುಗಿಯ ಹತ್ತಿರ ಇನ್ನೂ ಹೊಸ ಸೈಕಲ್ಲಿತ್ತು. ವೈರುಗಳೆಲ್ಲ ಫ್ರೇಮಿನ ಒಳಗೆ, ಗೇರು ಬದಲಿಸಲು ಬ್ಯಾಟರಿ, ಗಾಳಿ ಸೀಳುವ ಎತ್ತರದ ರಿಮ್ಮು. ಮನೆಗೆ ಬಂದು ಶೂ ಬಿಚ್ಚುತ್ತ ಇವಳು ಅಂದಳು: "ಗೆದ್ದಿದ್ದು ಅಕಿ ಅಲ್ಲಜ್ಜಾ, ಅಕಿ ಸೈಕಲ್ಲು."

ಅವಳ ಸಿಟ್ಟನ್ನು ತಳ್ಳಿಹಾಕುವ ಹಾಗಿಲ್ಲ. ಸೈಕಲ್ಲು ನಿಜಕ್ಕೂ ಬದಲಾಗಿದೆ. 1970ರ ಹೊತ್ತಿನ ರೇಸಿನ ಸೈಕಲ್ಲೆಂದರೆ ತೆಳು ಉಕ್ಕಿನ ಕೊಳವೆಗಳ ಫ್ರೇಮು. ಗೇರಿನ ಕಡ್ಡಿ ಕೆಳಗಿನ ಕೊಳವೆಯ ಮೇಲೆ. ಒಂದು ಕೈ ಬಿಟ್ಟು ಬಗ್ಗಿ, ಚೈನು ಸರಿಯಾದ ಹಲ್ಲಿಗೆ ಕೂತಿತೇ ಎಂದು ಕಿವಿಯಿಂದ ಕೇಳಿ ಹೊಂದಿಸಬೇಕಿತ್ತು. ಪಾದಕ್ಕೆ ತಗಡಿನ ಕ್ಲಿಪ್ಪು, ಚರ್ಮದ ಪಟ್ಟಿ. 1984ರಲ್ಲಿ ಜಪಾನಿನ ಶಿಮಾನೊ ಕಂಪನಿ ಒಂದು ಟಿಕ್ಕಿಗೆ ಒಂದು ಗೇರು ಬೀಳುವ ವ್ಯವಸ್ಥೆ ತಂದಿತು. 1990ರ ಹೊತ್ತಿಗೆ ಗೇರು ಬ್ರೇಕಿನ ಹಿಡಿಕೆಯೊಳಗೇ ಬಂತು. ಕೈ ಬಿಡುವ ಅಗತ್ಯವೇ ಹೋಯಿತು. 2009ರಲ್ಲಿ ಅದೇ ಕಂಪನಿ ವೈರಿನ ಎಳೆತದ ಬದಲು ವಿದ್ಯುತ್ತಿನಿಂದ ಗೇರು ಬದಲಿಸಿತು. ಶೂವನ್ನು ಪೆಡಲ್ಲಿಗೆ ಕಚ್ಚಿಸುವ ಬಗೆಯನ್ನು ಲುಕ್ ಕಂಪನಿ 1984ರಲ್ಲಿ ತಂದಿತು. ಮರುವರ್ಷ ಬರ್ನಾರ್ ಇನೋ ಅದನ್ನೇ ತೊಟ್ಟು ಟೂರ್ ದ ಫ್ರಾನ್ಸ್ ಗೆದ್ದ. ಉಕ್ಕು ಹೋಗಿ ಅಲ್ಯುಮಿನಿಯಂ, ಅದು ಹೋಗಿ ಕಾರ್ಬನ್ ಬಂತು. ರಿಮ್ಮನ್ನು ಒತ್ತುವ ರಬ್ಬರು ಹೋಗಿ ಡಿಸ್ಕ್ ಬ್ರೇಕು ಬಂತು. ಫ್ರೇಮು ಎಷ್ಟು ಹಗುರಾಯಿತೆಂದರೆ ವಿಶ್ವ ಸೈಕ್ಲಿಂಗ್ ಒಕ್ಕೂಟ 2000ದಿಂದ 6.8 ಕಿಲೋಗಿಂತ ಕಡಿಮೆ ತೂಕದ ಸೈಕಲ್ಲನ್ನು ಸ್ಪರ್ಧೆಗೆ ಬಿಡುವುದಿಲ್ಲ.

ಟೈರಿನ ಕಥೆಯನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅದರಲ್ಲಿ ಒಂದು ಪಾಠವಿದೆ. ದಶಕಗಳ ಕಾಲ ಎಲ್ಲರೂ ನಂಬಿದ್ದು ಟೈರು ತೆಳುವಾದಷ್ಟೂ ಗಟ್ಟಿಯಾದಷ್ಟೂ ವೇಗ ಹೆಚ್ಚೆಂದು. 23 ಮಿಲಿಮೀಟರಿನ ಟೈರಿಗೆ 110, 120 ಪೌಂಡು ಹವಾ ತುಂಬುತ್ತಿದ್ದರು. ಆಮೇಲೆ ತಿಳಿದದ್ದೇನೆಂದರೆ, ನುಣುಪಾದ ನೆಲದಲ್ಲಿ ಸರಿ ಕಂಡದ್ದು ನಿಜವಾದ ರಸ್ತೆಯಲ್ಲಿ ಸರಿಯಲ್ಲ. ಅತಿ ಬಿಗಿಯಾದ ಟೈರು ಪ್ರತಿ ಹರಳಿಗೂ ಪುಟಿಯುತ್ತದೆ, ಪುಟಿದಾಗಲೆಲ್ಲ ಕಾಲಿನ ಬಲ ಮೈ ಅಲುಗಿಸುವುದರಲ್ಲೇ ಹೋಗುತ್ತದೆ. ಈಗ ಅವಳ ಸೈಕಲ್ಲಿಗೆ 28 ಮಿಲಿಮೀಟರಿನ ಟೈರು, 70 ಪೌಂಡಿನ ಸುಮಾರು ಹವಾ. ಅದು ಹರಳನ್ನು ತನ್ನೊಳಗೆ ತಗ್ಗಿಸಿಕೊಂಡು ಮುಂದೆ ಹೋಗುತ್ತದೆ. ನಮ್ಮ ಡಂಬಳದ ರಸ್ತೆಯಂಥ ರಸ್ತೆಯಲ್ಲಿ ಇದೇ ಹೆಚ್ಚು ವೇಗದ್ದು. ಕಠಿಣವಾದದ್ದೇ ಶ್ರೇಷ್ಠ ಎಂದು ಜಗತ್ತಿನ ದೊಡ್ಡ ಸವಾರರು ಇಷ್ಟು ಕಾಲ ನಂಬಿದ್ದರೆಂಬುದು ಯೋಚನೆಗೆ ಹಚ್ಚುವ ಸಂಗತಿ.

ಈ ನಂಬಿಕೆಗೆ ಸೈಕಲ್ಲಿನ ಚರಿತ್ರೆಯಲ್ಲಿ ಒಬ್ಬ ಗುರುವೂ ಇದ್ದ. ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು 1903ರಲ್ಲಿ ಹುಟ್ಟುಹಾಕಿದ ಆಂರಿ ದೆಗ್ರಾಂಜ್. ಗೇರು ಬದಲಿಸುವ ಸಲಕರಣೆ ವಯಸ್ಸಾದವರಿಗೆ ಸರಿ, ಗಟ್ಟಿಗರಿಗೆ ತಕ್ಕದ್ದಲ್ಲ ಎಂಬುದು ಅವನ ಮತ. ಚೈನು ಸರಿಸುವ ಆ ಸಲಕರಣೆಗೆ ಅವನ ಸ್ಪರ್ಧೆಯಲ್ಲಿ ಎಲ್ಲರಿಗೂ ಅನುಮತಿ ಸಿಕ್ಕದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಆಲ್ಪ್ಸ್ ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಏರುತ್ತಿದ್ದರು. ಕಷ್ಟ ಹೆಚ್ಚಾದರೆ ಪುಣ್ಯ ಹೆಚ್ಚು ಎಂಬ ಈ ಭಾವನೆ ಅನೇಕ ಧರ್ಮಗಳಲ್ಲಿ ಇದೆ. ಮೈ ದಂಡಿಸುವುದನ್ನೇ ಸಾಧನೆ ಎಂದವರು ಎಲ್ಲ ಕಡೆ ಇದ್ದಾರೆ.

ನಾನು ಅದನ್ನು ಒಪ್ಪುವುದಿಲ್ಲ. ತಂದೆಯವರು ಆಷಾಢದಲ್ಲಿ ಎದುರುಗಾಳಿಗೆ ತುಳಿದು ಬಂದು ಹೊಸ್ತಿಲ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದುದನ್ನು ಕಂಡವನು ನಾನು. ಆ ನೋವಿನಲ್ಲಿ ಅವರಿಗೆ ಯಾವ ಪುಣ್ಯವೂ ಕಾಣಲಿಲ್ಲ. ಅವರ ಲಕ್ಷ್ಯವೆಲ್ಲ ಚೀಲದಲ್ಲಿತ್ತು. ಮನಿಯಾರ್ಡರಿಗೆ ಕಾದ ಮುದುಕಿಗೆ ಹಣ ಮುಟ್ಟಿತೇ, ಕೆಲಸದ ಕಾಗದ ಆ ಹುಡುಗನ ಕೈಗೆ ದಿನ ಮೀರುವ ಮೊದಲು ಸೇರಿತೇ? ಅವರಿಗೆ ಯಾರಾದರೂ 22 ಗೇರಿನ ಸೈಕಲ್ಲು ಕೊಟ್ಟಿದ್ದರೆ ಸಂತೋಷದಿಂದ ತೆಗೆದುಕೊಂಡು ಇನ್ನೆರಡು ಊರಿಗೆ ಟಪಾಲು ಮುಟ್ಟಿಸುತ್ತಿದ್ದರು. ಕಾಯಕದ ಬೆಲೆ ಅದರ ನೋವಿನಲ್ಲಿಲ್ಲ. ಹಳೆಯ ಸೈಕಲ್ಲು ಭಾರ, ಆದ್ದರಿಂದ ಹಳಬರು ದೊಡ್ಡವರು ಎಂಬ ಮಾತು ಆಡಲು ಹಿತವಾಗಿದೆ, ನಿಜವಲ್ಲ.

ಹಾಗಾದರೆ ಹೊಸ ಸೈಕಲ್ಲಿನ ಮೇಲೆ ಗೆದ್ದವಳು ಯಾರು? ಇದಕ್ಕೆ ಲೆಕ್ಕದ ಉತ್ತರವೊಂದು ಇದೆ. ಒಂದು ಗಂಟೆಯಲ್ಲಿ ಒಬ್ಬ ಸವಾರ ಟ್ರ್ಯಾಕಿನ ಮೇಲೆ ಎಷ್ಟು ದೂರ ಹೋಗಬಲ್ಲ ಎಂಬ ದಾಖಲೆಯನ್ನು ಸೈಕಲ್ ಲೋಕ ಬಹಳ ಹಿಂದಿನಿಂದ ಕಾಪಾಡಿಕೊಂಡು ಬಂದಿದೆ. 1893ರಲ್ಲಿ ಅದೇ ದೆಗ್ರಾಂಜ್ 35.325 ಕಿಲೋಮೀಟರು ಹೋದ. 1972ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ಎಡಿ ಮರ್ಕ್ಸ್ ಮೆಕ್ಸಿಕೊ ನಗರದಲ್ಲಿ 49.431 ಕಿಲೋಮೀಟರು ತುಳಿದ. 1996ರಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಕಾರ್ಬನ್ ಸೈಕಲ್ಲಿನ ಮೇಲೆ, ಎರಡೂ ಕೈ ನೇರವಾಗಿ ಮುಂದೆ ಚಾಚಿ ಮಲಗಿದಂತೆ ಕೂತು 56.375 ಕಿಲೋಮೀಟರು ಹೋದ. ಇದು ಮನುಷ್ಯನ ದಾಖಲೆಯೋ ಯಂತ್ರದ್ದೋ ಎಂಬ ವಾದ ಎದ್ದಿತು. ಮರ್ಕ್ಸ್ ಹೊಡೆದಂಥ ಸೈಕಲ್ಲಿನ ಮೇಲೆ ಮಾಡಿದ್ದೇ ನಿಜವಾದ ದಾಖಲೆ ಎಂದು ಒಕ್ಕೂಟ ತೀರ್ಮಾನಿಸಿತು. 2000ದ ಅಕ್ಟೋಬರಿನಲ್ಲಿ ಬೋರ್ಡ್‌ಮನ್ ಬಾಗಿದ ಹ್ಯಾಂಡಲ್ಲು, ಕಡ್ಡಿಗಾಲಿ, ದುಂಡು ಕೊಳವೆಗಳ ಹಳೆಯ ಬಗೆಯ ಸೈಕಲ್ಲು ಹತ್ತಿದ. ಗಂಟೆ ಮುಗಿದಾಗ 49.441 ಕಿಲೋಮೀಟರು.

ಈ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದಂತೆ ಮೊಮ್ಮಗಳಿಗೆ ಬರೆದು ತೋರಿಸಿದೆ. ಒಬ್ಬನೇ ಮನುಷ್ಯ, ಎರಡು ಸೈಕಲ್ಲು: ನಡುವೆ 6.934 ಕಿಲೋಮೀಟರು. ನಾಲ್ಕು ವರ್ಷದ ವಯಸ್ಸನ್ನು ಸ್ವಲ್ಪ ಕಳೆದರೂ ಏಳು ಕಿಲೋಮೀಟರಿನ ಬಹುಪಾಲು ಸೈಕಲ್ಲಿನದು, ಅದರ ಮೇಲೆ ಕೂರುವ ರೀತಿಯದು. ಇಬ್ಬರು ಮನುಷ್ಯರು, ಒಂದೇ ಬಗೆಯ ಸೈಕಲ್ಲು: 28 ವರ್ಷಗಳ ಅಂತರದಲ್ಲಿ ವ್ಯತ್ಯಾಸ 10 ಮೀಟರು. ನಮ್ಮ ಮನೆಯ ಕಟ್ಟೆಯಿಂದ ಎದುರಿನ ಬೇವಿನ ಮರದವರೆಗಿನಷ್ಟು.

"ಹಂಗಾರ ನಾ ಹೇಳಿದ್ದ ಖರೆ" ಅಂದಳು.

ಅರ್ಧ ಖರೆ, ಅಂದೆ. ಏಳು ಕಿಲೋಮೀಟರು ಬೋರ್ಡ್‌ಮನ್‌ನದಲ್ಲ, ಸರಿ. ಆದರೆ ಅವು ಸೈಕಲ್ಲಿನವೂ ಅಲ್ಲ. ಕಬ್ಬಿಣಕ್ಕೋ ಕಾರ್ಬನ್ನಿಗೋ ತಾನಾಗಿ ಓಡುವ ಗುಣವಿಲ್ಲ. ಆ ಏಳು ಕಿಲೋಮೀಟರುಗಳಲ್ಲಿ ಡನ್‌ಲಪ್ ಇದ್ದಾನೆ, 1888ರಲ್ಲಿ ಗಾಳಿ ತುಂಬಿದ ಟೈರು ಮಾಡಿದವನು. ಇಟಲಿಯ ತುಲಿಯೊ ಕಂಪನ್ಯೊಲೊ ಇದ್ದಾನೆ. 1927ರಲ್ಲಿ ಒಂದು ಘಾಟಿನಲ್ಲಿ ಚಳಿಗೆ ಮರಗಟ್ಟಿದ ಬೆರಳಿನಿಂದ ಗಾಲಿಯ ನಟ್ಟು ಬಿಚ್ಚಲಾಗದೆ ಹಿಂದೆ ಬಿದ್ದು, ಮುಂದೆ ಒಂದೇ ಹಿಡಿಕೆ ತಿರುವಿದರೆ ಗಾಲಿ ಕಳಚುವ ಉಪಾಯ ಕಂಡುಹಿಡಿದನೆಂದು ಜನ ಹೇಳುವವನು. ಹಾಳೆ ಹಾಳೆಯಾಗಿ ಕಾರ್ಬನ್ ನಾರನ್ನು ಅಚ್ಚಿನಲ್ಲಿ ಹಾಸುವ, ಹೆಸರು ಯಾರಿಗೂ ಗೊತ್ತಿಲ್ಲದ ಕೆಲಸಗಾರರಿದ್ದಾರೆ. ರಬ್ಬರಿನ ಮರಕ್ಕೆ ಗಾಯ ಮಾಡಿ ಹಾಲು ಹಿಡಿದವರಿದ್ದಾರೆ. ಹತ್ತು ಮೀಟರು ಕೂಡ ಪೂರ್ತಿ ಅವನದಲ್ಲ. ಮರ್ಕ್ಸ್ ತುಳಿದ ಮೆಕ್ಸಿಕೊ ನಗರ ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರ, ಅಲ್ಲಿ ಗಾಳಿ ತೆಳು. ಬೋರ್ಡ್‌ಮನ್ ತುಳಿದದ್ದು ಮ್ಯಾಂಚೆಸ್ಟರಿನ ಒಳಾಂಗಣದಲ್ಲಿ. ಗಾಳಿ ಕೂಡ ಲೆಕ್ಕದಲ್ಲಿ ಕೈ ಹಾಕಿದೆ. ನನ್ನದು ಎಂದು ಬೆರಳಿಟ್ಟು ತೋರಿಸಲು ಹೋದಷ್ಟೂ ಅದು ಕಿರಿದಾಗುತ್ತ ಹೋಗುತ್ತದೆ.

ನಾಗಸೇನ ಇಲ್ಲಿಗೇ ನಿಲ್ಲಿಸುತ್ತಿದ್ದ: ಬಿಡಿಸುತ್ತ ಹೋದೆ, ನಾನೆಂಬುದು ಸಿಗಲಿಲ್ಲ, ಇನ್ನು ಹಮ್ಮು ಬಿಡು. ಅಷ್ಟು ದೂರ ನಾನು ಅವನ ಜೊತೆ ಹೋಗುತ್ತೇನೆ. ಆದರೆ ಹಾಗೆ ಬಿಡಿಸಲಾಗದ ಒಂದು ಸತ್ಯವಿದೆ. ಬೆಳಗಿನ ನಾಲ್ಕೂವರೆಗೆ ಎದ್ದು ಕತ್ತಲಲ್ಲಿ ಹೊರಡುವವಳು ಈ ಹುಡುಗಿಯೇ. ಅವಳ ಬದಲಿಗೆ ನಾನು ತುಳಿದರೆ ಅವಳ ಕಾಲು ಗಟ್ಟಿಯಾಗುವುದಿಲ್ಲ. ಎಂಥ ಸೈಕಲ್ಲು ಕೊಟ್ಟರೂ ತುಳಿಯದೆ ಅದು ಒಂದು ಮಾರು ಸಾಗುವುದಿಲ್ಲ. ಕಾಯಕ ಇನ್ನೊಬ್ಬರಿಗೆ ವಹಿಸಿಕೊಡಲಾಗದ್ದು. ಅದರ ಫಲ ಮಾತ್ರ ಯಾರೊಬ್ಬರದೂ ಅಲ್ಲ. ದುಡಿಮೆ ನನ್ನದೇ, ಫಲ ಎಲ್ಲರದು: ಈ ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ. ಗೀತೆ ಫಲದ ಆಸೆ ಬಿಡು ಎಂದಿತು. ಹನ್ನೆರಡನೆಯ ಶತಮಾನದ ಶರಣರು ಇನ್ನೊಂದು ಹೆಜ್ಜೆ ಮುಂದಿಟ್ಟರು ಎಂದು ನನಗನ್ನಿಸುತ್ತದೆ. ಫಲವನ್ನು ಬಿಟ್ಟರೆ ಸಾಲದು, ಅದನ್ನು ಹಂಚಬೇಕು. ಕಾಯಕದ ಜೋಡಿ ದಾಸೋಹವನ್ನು ಇಟ್ಟರು.

ದಾಸೋಹ ಹೇಗಿರುತ್ತದೆಂದು ನೋಡಬೇಕಾದವರು ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಗೆ ಬರಬೇಕು. ಮನೆಮನೆಯಲ್ಲಿ ಬಡಿದ ಜೋಳದ ರೊಟ್ಟಿ ಮಠಕ್ಕೆ ಬಂದು ಸೇರುತ್ತದೆ. ಯಾರ ಮನೆಯದು, ಯಾವ ಜಾತಿಯವರದು ಎಂದು ಕೇಳುವವರಿಲ್ಲ. ಸಾಲಾಗಿ ಕೂತವರ ಕೈಗೆ ಅದೇ ರೊಟ್ಟಿ, ಪಲ್ಯ, ಕರಿಂಡಿ. ತಾನು ಬಡಿದ ರೊಟ್ಟಿ ತನಗೇ ಬರಲಿ ಎಂದು ಯಾರೂ ಹುಡುಕುವುದಿಲ್ಲ. ಬಡಿಯುವಾಗ ಕೈ ಸುಟ್ಟುಕೊಂಡವಳು ಒಬ್ಬಳೇ, ಉಣ್ಣುವಾಗ ಎಲ್ಲರೂ. ಅದೇ ಮಠದ ಪೀಠದಲ್ಲಿದ್ದ, 2018ರಲ್ಲಿ ಲಿಂಗೈಕ್ಯರಾದ ಸಿದ್ಧಲಿಂಗ ಸ್ವಾಮಿಗಳ ಮಾತು ಕೇಳಲು ನಾನು ಗದಗಿನ ವಾರದ ಶಿವಾನುಭವಕ್ಕೆ ಹೋಗುತ್ತಿದ್ದೆ. ಧರ್ಮವನ್ನು ಗರ್ಭಗುಡಿಯಿಂದ ಹೊರಗೆ ತಂದು ಪುಸ್ತಕದಲ್ಲಿ, ಊಟದಲ್ಲಿ, ನೆರೆಯವರೊಂದಿಗಿನ ನಡತೆಯಲ್ಲಿ ಹುಡುಕಬೇಕೆಂಬ ತಿಳಿವಳಿಕೆ ನನಗೆ ಅಲ್ಲಿಂದ ಬಂತು.

ಈ ಕಣ್ಣಿನಿಂದ ನೋಡಿದರೆ ಎರಡು ಸೈಕಲ್ಲುಗಳ ನಡುವಿನ ದೊಡ್ಡ ವ್ಯತ್ಯಾಸ ತೂಕವಲ್ಲ, ಗೇರಲ್ಲ. ಕ್ಯಾರಿಯರು. ತಂದೆಯವರ ಸೈಕಲ್ಲಿನ ಹಿಂದೆ ಇನ್ನೊಬ್ಬರಿಗೆ ಜಾಗವಿದೆ. ಅದರ ಮೇಲೆ ಟಪಾಲಿನ ಚೀಲ ಬಂತು, ಮೇವಿನ ಹೊರೆ ಬಂತು, ಜ್ವರ ಬಂದ ನನ್ನನ್ನು ಕೂರಿಸಿಕೊಂಡು ದವಾಖಾನೆಗೆ ಹೋದದ್ದೂ ಅದರ ಮೇಲೆಯೇ. ನನ್ನ ಅವ್ವ ತವರಿಗೆ ಹೋದದ್ದು, ದಾರಿಯಲ್ಲಿ ಸಿಕ್ಕ ಪರಿಚಯವಿಲ್ಲದ ಮುದುಕ ಹತ್ತಿ ಇಳಿದದ್ದು ಎಲ್ಲ ಆ ಕ್ಯಾರಿಯರಿನ ಮೇಲೆ. 2006-07ರಿಂದ ನಮ್ಮ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ಶುರು ಮಾಡಿದಾಗ ನಮ್ಮ ಶಾಲೆಗೆ ಬಂದವಕ್ಕೂ ಕ್ಯಾರಿಯರು ಇತ್ತು. ಅಕ್ಕನಿಗೆ ಬಂದ ಸೈಕಲ್ಲಿನ ಮೇಲೆ ಹಿಂದೆ ತಂಗಿ ಕೂತು ಹಳ್ಳಿಯಿಂದ ಶಾಲೆಗೆ ಬಂದದ್ದನ್ನು ಗೇಟಿನಲ್ಲಿ ನಿಂತು ನೋಡಿದ್ದೇನೆ. ಒಂದು ಸೈಕಲ್ಲಿಗೆ ಎರಡು ಹೆಣ್ಣುಮಕ್ಕಳ ಓದು.

ರೋಡ್ ಬೈಕು ಇದನ್ನೆಲ್ಲ ಬಿಟ್ಟುಕೊಟ್ಟಿದೆ. ಸ್ಟ್ಯಾಂಡು ಬಿಟ್ಟಿತು, ಬೆಲ್ಲು ಬಿಟ್ಟಿತು, ಚೈನಿನ ಕವರು ಬಿಟ್ಟಿತು, ಕೊನೆಗೆ ವೈರು ಕಾಣುವುದನ್ನೂ ಬಿಟ್ಟಿತು. ಒಂದು ಬಗೆಯಲ್ಲಿ ಇದು ದೊಡ್ಡ ತ್ಯಾಗ, ಅದರಲ್ಲಿ ಚೆಲುವೂ ಇದೆ. ಬೇಡದ್ದೊಂದೂ ಮೈಮೇಲಿಲ್ಲದ ಆ ಫ್ರೇಮನ್ನು ನೋಡಿದಾಗ ನನಗೆ ಗೌರವ ಮೂಡುತ್ತದೆ. ಆದರೆ ತ್ಯಾಗದ ಬಗ್ಗೆ ನಮ್ಮ ನೆಲದ ಶರಣರು ಕೇಳಿದ ಪ್ರಶ್ನೆಯನ್ನು ಇಲ್ಲೂ ಕೇಳಬೇಕು: ಇಷ್ಟೆಲ್ಲ ಬಿಟ್ಟದ್ದು ಯಾರಿಗಾಗಿ? ಒಬ್ಬನೇ ಹಗುರಾಗಿ ಮುಂದೆ ಹೋಗಲು ಬಿಟ್ಟದ್ದಾದರೆ ಅದು ಬರಿಯ ಹಗುರತನ. ರಿಪೇರಿಯ ವಿಷಯದಲ್ಲೂ ಇದೇ ಪ್ರಶ್ನೆ. ತಂದೆಯವರ ಸೈಕಲ್ಲನ್ನು ಯಾವ ಹಳ್ಳಿಯ ಪಂಚರ್ ಅಂಗಡಿಯವನೂ ಬಿಚ್ಚಿ, ಗುಂಡುಗಳಿಗೆ ಗ್ರೀಸು ಹಾಕಿ, ಕಾಟರ್ ಪಿನ್ನು ಬಡಿದು ಕೂರಿಸಿ ಕೊಡುತ್ತಿದ್ದ. ಇವಳದಕ್ಕೆ ಬೇರೆ ಪಾನ, ಬೇರೆ ಎಣ್ಣೆ, ನಟ್ಟು ಎಷ್ಟು ಬಿಗಿಯಾಯಿತೆಂದು ಅಳೆಯುವ ಸಲಕರಣೆ ಬೇಕು. ಕಾರ್ಬನ್ ಒಳಗೆ ಬಿರುಕು ಬಿಟ್ಟರೆ ಹೊರಗಿನ ಕಣ್ಣಿಗೆ ಕಾಣದೆಯೂ ಇರಬಹುದು. ಯಂತ್ರ ಚೊಕ್ಕಟವಾದಷ್ಟೂ ಅದನ್ನು ಅರಿತ ಕೈಗಳು ಕಡಿಮೆಯಾಗುತ್ತಿವೆ. ಇದು ನಿಜವಾದ ನಷ್ಟ.

ಇಷ್ಟು ಹೇಳಿ ಮುಗಿಸಿದ್ದರೆ ನಾನು ಹಳೆಯದರ ಪರ ವಕಾಲತ್ತು ಮಾಡಿದಂತಾಗುತ್ತಿತ್ತು. ಆದರೆ ಈ ಹುಡುಗಿ ಮತ್ತು ಅವಳ ಗೆಳತಿಯರು ಗದಗ ರಸ್ತೆಯಲ್ಲಿ ಅಭ್ಯಾಸ ಮಾಡುವುದನ್ನು ನೋಡಿದ ಮೇಲೆ ನನ್ನ ವಿಚಾರ ಬೇರೆ ದಾರಿ ಹಿಡಿಯಿತು. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳ ರೈತರ, ಕೂಲಿಕಾರರ ಮಕ್ಕಳು ಸೈಕ್ಲಿಂಗಿನಲ್ಲಿ ರಾಜ್ಯಕ್ಕೆ ಹೆಸರು ತಂದದ್ದು ನಮಗೆ ಗೊತ್ತು. ಒಂದು ಬೆಳಿಗ್ಗೆ ಈ ಹುಡುಗಿಯರು ಸಾಲಾಗಿ ಹೋಗುವುದನ್ನು ಮೋಟಾರ್ ಸೈಕಲ್ಲಿನ ಮೇಲೆ ಹಿಂದಿನಿಂದ ನೋಡುತ್ತ ಹೋದೆ. ಕಪ್ಪತಗುಡ್ಡದ ಕಡೆಯಿಂದ ಗಾಳಿ ಜೋರಾಗಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಬಿರುಸಾಗಿ ತಿರುಗುತ್ತಿದ್ದವು. ಮುಂದಿನವಳು ಗಾಳಿಗೆ ಎದೆಯೊಡ್ಡಿ ತುಳಿಯುತ್ತಾಳೆ. ಸ್ವಲ್ಪ ಹೊತ್ತಿಗೆ ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಹೋಗುತ್ತಾಳೆ. ಎರಡನೆಯವಳು ಮುಂದಾಗುತ್ತಾಳೆ. ಯಾರೂ ಹೇಳುವುದಿಲ್ಲ, ಮೊಣಕೈ ಒಂದಿಷ್ಟು ಅಲುಗಿದರೆ ಸಾಕು.

ಇದರ ಗಣಿತ ಸರಳ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವ ಸವಾರನ ಬಲದ ಬಹುಪಾಲು ಗಾಳಿಯನ್ನು ಸರಿಸುವುದಕ್ಕೇ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ವಿರುದ್ಧ ಪ್ರತಿ ಕ್ಷಣ ಬೇಕಾಗುವ ಶಕ್ತಿ ಎಂಟು ಪಟ್ಟು. ಇನ್ನೊಬ್ಬರ ಹಿಂದೆ ಅಂಟಿಕೊಂಡು ಹೋದರೆ ಆ ಶ್ರಮದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಉಳಿತಾಯವಾಗುತ್ತದೆ. ತಂದೆಯವರ ಸೈಕಲ್ಲಿನ ನಿಧಾನಕ್ಕೆ ಈ ಲಾಭ ಇಷ್ಟಾಗಿ ಸಿಗುತ್ತಿರಲಿಲ್ಲ. ವೇಗ ಹೆಚ್ಚಿದ್ದರಿಂದಲೇ ಒಬ್ಬರ ಹಿಂದೆ ಒಬ್ಬರಿಗೆ ಆಸರೆ ದೊಡ್ಡದಾಯಿತು. ಇನ್ನೂ ಒಂದು ಮಾತಿದೆ. ಹಿಂದೆ ಒಬ್ಬರು ಹತ್ತಿರವಿದ್ದರೆ ಮುಂದಿನವರ ಬೆನ್ನ ಹಿಂದಿನ ಗಾಳಿಯ ಸುಳಿ ತುಂಬಿಕೊಂಡು ಅವರಿಗೂ ಚೂರು ಹಗುರಾಗುತ್ತದೆ. ಕೊಡುವವರಿಗೂ ಒಂದಿಷ್ಟು ಮರಳಿ ಬರುತ್ತದೆ, ಕೇಳದೆ.

ಆ ಬೆಳಿಗ್ಗೆ ನನಗೆ ತಿಳಿದದ್ದು ಇದು. ಕ್ಯಾರಿಯರು ಇಲ್ಲದ ಸೈಕಲ್ಲಿನ ಮೇಲೂ ಇನ್ನೊಬ್ಬರನ್ನು ಹೊತ್ತು ಹೋಗಬಹುದು. ಹಿಂದೆ ಕೂರಿಸಿಕೊಳ್ಳುವುದರ ಬದಲು ಮುಂದೆ ನಿಂತು ಅವರ ಗಾಳಿಯನ್ನು ತಾನು ತೆಗೆದುಕೊಳ್ಳಬೇಕು. ದೊಡ್ಡ ಸ್ಪರ್ಧೆಗಳ ತಂಡಗಳಲ್ಲಿ ದಿನವಿಡೀ ಹೀಗೆ ಗಾಳಿ ತಿನ್ನುವ, ನಾಯಕನಿಗೆ ನೀರಿನ ಬಾಟಲಿ ತಂದು ಕೊಡುವ ಸವಾರರಿದ್ದಾರೆ. ಪದಕದ ಕಟ್ಟೆಯ ಮೇಲೆ ಅವರು ನಿಲ್ಲುವುದಿಲ್ಲ. ಯಂತ್ರ ಬದಲಾದಾಗ ದಾಸೋಹ ಅಳಿಯಲಿಲ್ಲ, ಜಾಗ ಬದಲಿಸಿತು. ಹಿಂದೆ ಅದು ಕಬ್ಬಿಣದಲ್ಲೇ ಬೆಸೆದು ಬರುತ್ತಿತ್ತು; ಕೊಂಡವನಿಗೆ ಇಷ್ಟವಿರಲಿ ಇಲ್ಲದಿರಲಿ ಕ್ಯಾರಿಯರು ಇರುತ್ತಿತ್ತು. ಈಗ ಅದು ಸವಾರನ ಮನಸ್ಸಿಗೆ ಬಿಟ್ಟದ್ದು. ಅದರಿಂದ ಹೊಸ ಸೈಕಲ್ಲು ಹತ್ತಿದವರ ಹೊಣೆ ಹೆಚ್ಚಾಯಿತು.

ಈ ಹೊಣೆಯನ್ನು ಮೊಮ್ಮಗಳಿಗೆ ನೆನಪಿಸುವುದು ನನಗೆ ಸುಲಭ, ಏಕೆಂದರೆ ಅವಳ ಸೈಕಲ್ಲಿನ ಹುಟ್ಟೇ ಹಾಗಿದೆ. ಅದು ಹೊಸದಾಗಿ ಕೊಂಡದ್ದಲ್ಲ. ವಿಜಯಪುರದ ಕಡೆಯ ಹುಡುಗಿಯೊಬ್ಬಳು ಹೊಡೆದು, ದೊಡ್ಡ ಸ್ಪರ್ಧೆಗಳಿಗೆ ಹೋಗುವಾಗ ಬೇರೆಯದು ಸಿಕ್ಕ ಮೇಲೆ ಕಡಿಮೆ ಬೆಲೆಗೆ ಬಿಟ್ಟುಕೊಟ್ಟದ್ದು. ಹಣಕ್ಕೆ ನನ್ನ ಮಗ ಒಂದಿಷ್ಟು ಸಾಲ ಮಾಡಿದ. ಉಳಿದದ್ದನ್ನು ಓಣಿಯವರು, ಅವಳ ಶಾಲೆಯ ಶಿಕ್ಷಕರು ಕೂಡಿಸಿದರು. ಅವಳ ವೇಗದಲ್ಲಿ ಇವರೆಲ್ಲ ಇದ್ದಾರೆ. "ಗೆದ್ದಿದ್ದು ಅಕಿ ಸೈಕಲ್ಲು" ಎಂದು ಆ ಹುಡುಗಿಯ ಬಗ್ಗೆ ಅಂದ ಮಾತು ತನಗೂ ಅಷ್ಟೇ ಸಲ್ಲುತ್ತದೆಂದು ಅವಳಿಗೆ ಹೇಳಿದೆ. ಸೋತಾಗ ಸೈಕಲ್ಲಿನ ಮೇಲೆ ಹಾಕಿ, ಗೆದ್ದಾಗ ತನ್ನ ಮೇಲೆ ಹಾಕಿಕೊಳ್ಳುವುದು ನ್ಯಾಯವಲ್ಲ. ಎರಡು ಸಲವೂ ಒಂದೇ ತಕ್ಕಡಿ ಬೇಕು.

ಹೀಗೆ ಹಲವರ ಪಾಲಿರುವ ಕೆಲಸಕ್ಕೆ ನಮ್ಮಲ್ಲೇ ಒಂದು ಸಾಕ್ಷಿಯಿದೆ. ಡಂಬಳದ ದೊಡ್ಡಬಸಪ್ಪನ ಗುಡಿಯನ್ನು ನಾನು ಗಣಿತದ ಪಾಠಕ್ಕೆಂದೇ ಮಕ್ಕಳಿಗೆ ತೋರಿಸುತ್ತಿದ್ದೆ. ಅದರ ಗರ್ಭಗುಡಿಯ ತಳವಿನ್ಯಾಸಕ್ಕೆ 24 ಮೂಲೆಗಳು. ಒಂದು ಚೌಕವನ್ನು ಒಂದೇ ಕೇಂದ್ರದ ಮೇಲೆ 15 ಡಿಗ್ರಿಯಂತೆ ತಿರುಗಿಸುತ್ತ ಆರು ಸಲ ಗೆರೆ ಎಳೆದರೆ ಆ ನಕ್ಷತ್ರ ಮೂಡುತ್ತದೆ. ನೆಲದಲ್ಲಿ ನಿಂತು ನೋಡಿದರೆ ಹಲ್ಲುಗಳಿರುವ ಫ್ರೀವ್ಹೀಲಿನ ಹಾಗೆ ಕಾಣುತ್ತದೆ. ಕೆತ್ತಿದವರ ಹೆಸರು ನಾವು ಹೇಳಲಾರೆವು; ಆ ಲೆಕ್ಕ ಅವರಿಗೆ ಗುರುವಿನಿಂದ ಬಂತು, ಗುರುವಿಗೆ ಅವನ ಗುರುವಿನಿಂದ. ಪ್ರತಿ ಶಿಲ್ಪಿಯೂ ಉಳಿಯ ಏಟನ್ನು ತಾನೇ ಹಾಕಿದ, ಆದರೆ ಆ ನಕ್ಷತ್ರ ನನ್ನದು ಎನ್ನಬಲ್ಲ ಒಬ್ಬ ಶಿಲ್ಪಿ ಇಲ್ಲ. ಸೈಕಲ್ಲಿಗೂ ಇದೇ ಸತ್ಯ.

ಆದ್ದರಿಂದ ಸೈಕಲ್ಲು ಎಷ್ಟು ಬದಲಾಯಿತು ಎಂದು ಕೇಳಿದವರಿಗೆ ಬಹಳ ಬದಲಾಯಿತು ಎಂದೇ ಹೇಳುತ್ತೇನೆ, ಮತ್ತು ಅದು ಒಳ್ಳೆಯದು ಎಂದೂ ಹೇಳುತ್ತೇನೆ. ಹಗುರಾಗಲಿ, ಮೆತ್ತಗಾಗಲಿ, ಇನ್ನೂ ವೇಗವಾಗಲಿ. ಹೊಸದು ಹತ್ತಿದವರಿಗೆ ನಾನು ಕೇಳಿಕೊಳ್ಳುವುದು ಇಷ್ಟೇ: ನಿಮಗೆ ಬಂದ ಆ ಏಳು ಕಿಲೋಮೀಟರನ್ನು ನಿಮ್ಮ ಹೆಸರಿಗೆ ಬರೆದುಕೊಳ್ಳಬೇಡಿ, ಮುಂದಕ್ಕೆ ಸಾಗಿಸಿ. ನಿಮಗಿಂತ ಹಿಂದೆ ಬೀಳುವವಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಸೈಕಲ್ಲನ್ನು ಬಿಚ್ಚಿ ಜೋಡಿಸುವುದನ್ನು ಊರಿನ ಪಂಚರ್ ಅಂಗಡಿಯ ಹುಡುಗನಿಗೂ ಕಲಿಸಿ. ಬೇರೆಯದು ಸಿಕ್ಕಾಗ ಹಳೆಯದನ್ನು ಕೊಳ್ಳಲಾಗದ ಹುಡುಗಿಯೊಬ್ಬಳಿಗೆ ಮುಟ್ಟಿಸಿ. ಮೊಮ್ಮಗಳು ಈಗ ಭಾನುವಾರಗಳಲ್ಲಿ ಎಂಟನೆಯ ತರಗತಿಯ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಹೋಗುತ್ತಾಳೆ. ಅವರ ಸೈಕಲ್ಲುಗಳು ಭಾರ, ಒಂದೇ ಗೇರಿನವು. ಹೋಗುವಾಗ ಎದುರುಗಾಳಿ, ಆದ್ದರಿಂದ ಡಂಬಳ ಮುಟ್ಟುವವರೆಗೂ ಮುಂದಿನ ಜಾಗ ಅವಳದೇ.